ಮಳೆಗಾಲದಲ್ಲಿ ಕರಗಿದ ಜಿಂಕ್ ನೈಟ್ರೇಟ್ ಕೆಟ್ಟಿದೆಯೇ?

ಜೂನ್ ಬಂತೆಂದರೆ ಪರ್ಕಳ, ಮಣಿಪಾಲದ ಗಾಳಿಯಲ್ಲಿ ನೀರಿನ ಪಸೆ ತುಂಬಿರುತ್ತದೆ. ಜಿಂಕ್ ನೈಟ್ರೇಟ್ ಬಾಟಲಿಯ ಮುಚ್ಚಳ ಸಡಿಲವಾಗಿದ್ದರೆ ಬಿಳಿ ಹರಳು ಆ ಪಸೆಯನ್ನು ಹೀರಿ, ಅದರಲ್ಲೇ ಕರಗಿ ದ್ರವವಾಗುತ್ತದೆ. ಲವಣ ಕೆಟ್ಟಿತೆಂದು ಚೆಲ್ಲುವುದು ತಪ್ಪು. ಸತುವಿನ ಅಯಾನು, ನೈಟ್ರೇಟ್ ಅಯಾನು ಎರಡೂ ಹಾಗೇ ಇವೆ. ಸತುವಿಗೆ ಪುರಾವೆ ಬೇಕೇ? ಆ ದ್ರವಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ: ಬಿಳಿ ಪ್ರಕ್ಷೇಪ ಕಾಣಿಸುತ್ತದೆ, ಇನ್ನಷ್ಟು ಹಾಕಿದರೆ ಜಿಂಕೇಟ್ ಆಗಿ ಕರಗಿಹೋಗುತ್ತದೆ. ಅಲ್ಯೂಮಿನಿಯಂ ಕೂಡ ಹೀಗೇ ಮಾಡುತ್ತದಲ್ಲ ಎಂದು ಕೇಳಬಹುದು, ನಿಜ. ಆದರೆ ಇವೆರಡರಲ್ಲಿ ಹೆಚ್ಚುವರಿ ಅಮೋನಿಯ ದ್ರಾವಣದಲ್ಲಿ ಚೆನ್ನಾಗಿ ಕರಗುವುದು ಸತುವಿನ ಪ್ರಕ್ಷೇಪ ಮಾತ್ರ.

ಹಾಗಾದರೆ ಕಾಯಿಸಿ ಒಣಗಿಸಬಹುದಲ್ಲ? ಅಲ್ಲೇ ಎಡವುವುದು. ಆರು ನೀರಿನ ಅಣುಗಳಿರುವ ಈ ಹರಳು ಸುಮಾರು 36 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಜೋರಾಗಿ ಕಾಯಿಸಿದರೆ ವಿಷಕಾರಿ ಕಂದು ಅನಿಲ ನೈಟ್ರೋಜನ್ ಡೈಆಕ್ಸೈಡ್ ಹಾಗೂ ಆಮ್ಲಜನಕ ಹೊರಟುಹೋಗಿ, ಬಿಸಿಯಲ್ಲಿ ಹಳದಿ, ತಣಿದಾಗ ಬಿಳಿ ಕಾಣುವ ಸತುವಿನ ಆಕ್ಸೈಡ್ ಉಳಿಯುತ್ತದೆ, ಲವಣವೇ ಇರುವುದಿಲ್ಲ. ಕೆಟ್ಟಿರುವುದು ತೂಕದ ಲೆಕ್ಕವೊಂದೇ: 100 ಗ್ರಾಂ ಒಣ ಹರಳಿನಲ್ಲಿ ಸುಮಾರು 22 ಗ್ರಾಂ ಸತುವಿದ್ದರೆ, ಪಸೆ ಹೀರಿದ್ದರಲ್ಲಿ ಅದಕ್ಕಿಂತ ಕಡಿಮೆ. ಗುಣಪರೀಕ್ಷೆಗೆ ಧಾರಾಳವಾಗಿ ಬಳಸಿ. ಅಳತೆ ಮುಖ್ಯವಾದ ಕಡೆ ಇಡಿಟಿಎ ಟೈಟ್ರೇಷನ್ ಮಾಡಿ, ಸತು ಎಷ್ಟಿದೆಯೆಂದು ಮೊದಲು ಖಚಿತಪಡಿಸಿಕೊಳ್ಳಿ.