ಮತದ ಹಕ್ಕಿನಾಚೆಗೆ ‘ಯುರೇನಿಯಾ’

ಗಂಡು, ಹೆಣ್ಣು ಎಂಬ ಎರಡೇ ಖಾನೆಗಳನ್ನು ಪ್ರಶ್ನಿಸಿದವರು ತೀರಾ ಈಚಿನವರು ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಓದಿಕೊಂಡವರು ಕೂಡ ಕಥೆಯನ್ನು ಅಮೆರಿಕದ ಚಿಂತಕರಾದ ಜುಡಿತ್ ಬಟ್ಲರ್ ಅವರ, ಲಿಂಗತ್ವ ಕುರಿತ 1990ರ ಪುಸ್ತಕದಿಂದಲೇ ಶುರುಮಾಡುತ್ತಾರೆ. ಅದಕ್ಕೂ ಹಿಂದಿನ ಸ್ತ್ರೀವಾದಿಗಳು ಮತದ ಹಕ್ಕು ಕೇಳಿದವರು, ಅಷ್ಟೇ.

ಆದರೆ 1916ರಲ್ಲೇ ಇಂಗ್ಲೆಂಡಿನಲ್ಲಿ ‘ಯುರೇನಿಯಾ’ ಎಂಬ ಪುಟ್ಟ ಪತ್ರಿಕೆ ಹುಟ್ಟಿತ್ತು. ಹೆಂಗಸರಿಗೆ ಗಂಡಸರಷ್ಟೇ ಸ್ಥಾನ ಕೊಡಿ ಎಂದು ಅದು ಬೇಡಲಿಲ್ಲ. ಆ ವಿಂಗಡಣೆಯೇ ಬೇಡ ಎಂದು ಪಟ್ಟು ಹಿಡಿಯಿತು.

ಹಾಗೆಂದು ಇದನ್ನು ನಡೆಸಿದವರು ಮತದ ಹಕ್ಕಿನ ಚಳವಳಿಯ ಹೊರಗಿನವರಲ್ಲ. ಐರಿಷ್ ಕವಿ ಈವಾ ಗೋರ್-ಬೂತ್ ಮತ್ತು ಅವರ ಸಂಗಾತಿ ಎಸ್ತರ್ ರೋಪರ್, ಮ್ಯಾಂಚೆಸ್ಟರ್ ಸುತ್ತಿನ ಹತ್ತಿ ಗಿರಣಿಗಳ ಕೆಲಸಗಾರ್ತಿಯರನ್ನು ಮತದ ಹಕ್ಕಿಗಾಗಿ ಸಂಘಟಿಸಿದವರು. ಬಾರುಗಳಲ್ಲಿ ದುಡಿಯುವ ಹೆಂಗಸರ ಕೆಲಸಕ್ಕೆ ಕುತ್ತು ಬಂದಾಗ, 1908ರ ಉಪಚುನಾವಣೆಯಲ್ಲಿ ಸರ್ಕಾರದ ಅಭ್ಯರ್ಥಿಯ ವಿರುದ್ಧ ಬೀದಿಗಿಳಿದರು. ಆ ಅಭ್ಯರ್ಥಿ ವಿನ್‌ಸ್ಟನ್ ಚರ್ಚಿಲ್. ಸೋತರು.

ಇಂಥ ಪತ್ರಿಕೆಯೆಂದರೆ ಪುಟ ತುಂಬ ಸಿದ್ಧಾಂತ ಎಂದುಕೊಂಡರೆ ಅದೂ ತಪ್ಪು. ಬಹುಭಾಗ ಬೇರೆ ಬೇರೆ ದೇಶಗಳ ಪತ್ರಿಕೆಗಳಿಂದ ಆಯ್ದ ಸುದ್ದಿಗಳು: ಗಂಡಸಾಗಿ ಬಾಳಿದ ಹೆಂಗಸರು, ಲಿಂಗ ಬದಲಾದವರು, ಮದುವೆ ಒಲ್ಲೆನೆಂದವರು. ಒಂದು ಸುದ್ದಿಯನ್ನು ವಿಚಿತ್ರವೆಂದು ತಳ್ಳಿಹಾಕಬಹುದು. ಹೀಗೆ ವರ್ಷಗಟ್ಟಲೆ ಸಾಲಾಗಿ ಜೋಡಿಸುತ್ತಾ ಹೋದರೆ ಆ ಮಾತು ಹೇಳುವುದು ಕಷ್ಟ. ಜಾಣ ಉಪಾಯ!

ಪತ್ರಿಕೆ ಮಾರಾಟಕ್ಕಿರಲಿಲ್ಲ, 200ರಿಂದ 250 ಪ್ರತಿಗಳು ಖಾಸಗಿಯಾಗಿ ಕೈಸೇರುತ್ತಿದ್ದವು. ಹಾಗಾದರೆ ಅಲ್ಪಾಯುಷಿಯೇ? ಡೋರಾ ಮಾರ್ಸ್‌ಡನ್ ಅವರ ಹೆಸರಾಂತ ಸ್ತ್ರೀವಾದಿ ಪತ್ರಿಕೆ ‘ಫ್ರೀವುಮನ್’ 1911ರಲ್ಲಿ ಆರಂಭವಾಗಿ ಮರುವರ್ಷವೇ ನಿಂತಿತು. ‘ಯುರೇನಿಯಾ’ 1940ರವರೆಗೆ ಬಂತು.

ಮುಕ್ತ ಕಾಮವನ್ನು ಸಾರಿರಬೇಕು ಎಂಬ ಊಹೆಯೂ ನಿಲ್ಲುವುದಿಲ್ಲ. ದೇಹಸಂಬಂಧದ ಬಗ್ಗೆ ಅದಕ್ಕೆ ಅಸಡ್ಡೆಯೇ ಇತ್ತು, ಬ್ರಹ್ಮಚರ್ಯದ ಬಗ್ಗೆ ಗೌರವ.

ಕೊನೆಗೆ, ಇಷ್ಟು ಧೈರ್ಯವಂತರು ಎಲ್ಲದರಲ್ಲೂ ಪ್ರಗತಿಪರರೇ ಇದ್ದಿರಬೇಕು ಎಂಬ ಭ್ರಮೆ. ‘ಐರಿನ್ ಕ್ಲೈಡ್’ ಹೆಸರಿನಲ್ಲಿ ಬರೆಯುತ್ತಿದ್ದ, ಪತ್ರಿಕೆಯ ಸಂಪಾದಕರಲ್ಲೊಬ್ಬರು ಅಂತಾರಾಷ್ಟ್ರೀಯ ಕಾನೂನು ತಜ್ಞ ಥಾಮಸ್ ಬೇಟಿ. ಲಿಂಗಭೇದವೇ ಇಲ್ಲದ ನಾಡೊಂದರ ಕಾದಂಬರಿಯನ್ನು 1909ರಲ್ಲೇ ಬರೆದಿದ್ದರು. 1916ರಲ್ಲಿ ಜಪಾನಿನ ವಿದೇಶಾಂಗ ಇಲಾಖೆಗೆ ಕಾನೂನು ಸಲಹೆಗಾರರಾಗಿ ಹೋದ ಇದೇ ವ್ಯಕ್ತಿ, ಮುಂದೆ ಮಂಚೂರಿಯಾದಲ್ಲಿ ಜಪಾನ್ ನಡೆಸಿದ ಆಕ್ರಮಣಕ್ಕೆ ಕಾನೂನಿನ ಸಮರ್ಥನೆ ಒದಗಿಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೂ ಬ್ರಿಟನ್ನಿಗೆ ಮರಳದೆ 1954ರಲ್ಲಿ ಜಪಾನಿನಲ್ಲೇ ತೀರಿಕೊಂಡರು.