ಪಾತ್ರಾಭಿನಯ ಕ್ರೀಡೆಯ ಕಾದಂಬರಿಗಳಲ್ಲಿ ಮಂತ್ರವಿದ್ಯೆ ಮತ್ತು ಪ್ರಾಮಾಣ್ಯದ ಪ್ರಶ್ನೆ

ಒಂದು ಕಲ್ಪಿತ ಲೋಕವನ್ನು ಕುರಿತ ಎರಡು ಬರಹಗಳು ಪರಸ್ಪರ ವಿರೋಧಿಸಿದರೆ ಯಾವುದನ್ನು ಪ್ರಮಾಣವೆಂದು ಸ್ವೀಕರಿಸಬೇಕು? ಅಮೆರಿಕದ ಪಾತ್ರಾಭಿನಯ ಕ್ರೀಡೆಗಳನ್ನು ಆಧರಿಸಿದ ಕಾದಂಬರಿಗಳ ಓದುಗರಲ್ಲಿ ಬಹುಕಾಲದಿಂದ ನಡೆದುಬಂದಿರುವ ಈ ವಾದವು ಇತಿಹಾಸದ ವಿದ್ಯಾರ್ಥಿಗೂ ವಿಚಾರಾರ್ಹವಾದುದು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬುವರು ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದಲ್ಲಿ ಮಾಂತ್ರಿಕನು ಮಂತ್ರವನ್ನು ಮುಂಚಿತವಾಗಿ ಕಂಠಪಾಠ ಮಾಡಿರಬೇಕಾಗಿತ್ತು. ಪ್ರಯೋಗಿಸಿದೊಡನೆ ಅದು ಸ್ಮೃತಿಯಿಂದ ಅಳಿದುಹೋಗುತ್ತಿತ್ತು. ಈ ಕಲ್ಪನೆಯು ಜಾಕ್ ವ್ಯಾನ್ಸ್ ಎಂಬ ಲೇಖಕನ 'ದಿ ಡೈಯಿಂಗ್ ಅರ್ತ್' (1950) ಎಂಬ ಕಥಾಸಂಕಲನದಿಂದ ಬಂದುದು. ಹೀಗೆ ಮೊದಲು ಸಾಹಿತ್ಯದಿಂದ ನಿಯಮವು ಹುಟ್ಟಿತು. ಅನಂತರ ನಿಯಮದಿಂದ ಸಾಹಿತ್ಯವು ಹುಟ್ಟಿತು. 1984ರಲ್ಲಿ ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಆರಂಭಿಸಿದ 'ಡ್ರ್ಯಾಗನ್‌ಲ್ಯಾನ್ಸ್' ಮಾಲೆಯ ಕಾದಂಬರಿಯಲ್ಲಿ ರೇಸ್ಟ್‌ಲಿನ್ ಎಂಬ ಮಾಂತ್ರಿಕನು ಮಂತ್ರಗಳನ್ನು ನಿಯಮಾನುಸಾರವಾಗಿಯೇ ಅಭ್ಯಸಿಸುತ್ತಾನೆ. ಆದರೆ ಪ್ರಯೋಗಾನಂತರ ಅವನು ನಿತ್ರಾಣನಾಗಿ ಕುಸಿಯುತ್ತಾನೆ. ಆಟದ ನಿಯಮದಲ್ಲಿ ಮಂತ್ರಕ್ಕೆ ಇಂತಹ ದೇಹಶ್ರಮವು ವಿಧಿಸಲ್ಪಟ್ಟಿರಲಿಲ್ಲ. ವಿವಾದದ ಬೀಜವು ಇಲ್ಲಿದೆ.

ನಿಯಮಗಳೇ ಬದಲಾದಾಗ ತೊಡಕು ಹೆಚ್ಚಿತು. 1989ರ ಎರಡನೆಯ ಆವೃತ್ತಿಯು ಗುಪ್ತಘಾತುಕರ ವರ್ಗವನ್ನು ಕೈಬಿಟ್ಟಿತು. ಎಡ್ ಗ್ರೀನ್‌ವುಡ್ ಸೃಷ್ಟಿಸಿದ 'ಫರ್ಗಾಟನ್ ರೆಲ್ಮ್ಸ್' ಲೋಕದ ಕಥೆಯಲ್ಲಿ ಇದಕ್ಕೆ ಕಾರಣವನ್ನು ಒದಗಿಸಲಾಯಿತು: ದೇವತೆಗಳು ಭೂಮಿಗೆ ತಳ್ಳಲ್ಪಟ್ಟರು, ಮಂತ್ರಗಳು ಅಡ್ಡದಾರಿ ಹಿಡಿದವು, ಗುಪ್ತಘಾತುಕರೆಲ್ಲ ಸತ್ತರು. 2008ರ ನಾಲ್ಕನೆಯ ಆವೃತ್ತಿಯಲ್ಲಿ ಮಂತ್ರಪ್ರಯೋಗದ ಕ್ರಮವು ಬಹುಮಟ್ಟಿಗೆ ಬದಲಾಯಿತು. ಅದಕ್ಕೆ ಮಂತ್ರದೇವತೆ ಮಿಸ್ಟ್ರಾಳ ವಧೆಯು ನಿಮಿತ್ತವಾಯಿತು. 2014ರ ಐದನೆಯ ಆವೃತ್ತಿಯ ವೇಳೆಗೆ ಆಕೆ ಹಿಂದಿರುಗಿದಳು. ಕೊನೆಗೆ 2021ರಲ್ಲಿ ಪ್ರಕಾಶಕ ಸಂಸ್ಥೆಯ ಪ್ರಧಾನ ನಿಯಮಕಾರರಲ್ಲೊಬ್ಬರಾಗಿದ್ದ ಜೆರೆಮಿ ಕ್ರಾಫರ್ಡ್, 2014ರಿಂದೀಚಿನ ಆಟದ ಗ್ರಂಥಗಳಲ್ಲಿ ಇಲ್ಲದುದು ಆಟಕ್ಕೆ ಪ್ರಮಾಣವಲ್ಲವೆಂದು ಸಾರಿದರು. ಹಳೆಯ ಕಾದಂಬರಿಗಳೆಲ್ಲ ಒಂದೇ ಮಾತಿನಿಂದ ಹೊರಗುಳಿದವು. ದಶಕಗಳ ಕಾಲ ಅವನ್ನು ಆ ಲೋಕದ ಚರಿತ್ರೆಯೆಂದು ಓದಿದವರಿಗೆ ಇದು ಸಣ್ಣ ನಷ್ಟವಲ್ಲ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಆಟಗಾರನು ಏನು ಮಾಡಬಹುದೆಂಬುದನ್ನು ನಿಯಮಗ್ರಂಥವು ಹೇಳುತ್ತದೆ. ಒಬ್ಬ ಮಾಂತ್ರಿಕನಿಗೆ ಏನಾಯಿತೆಂಬುದನ್ನು ಕಾದಂಬರಿಯು ಹೇಳುತ್ತದೆ. ರೇಸ್ಟ್‌ಲಿನ್ನನ ಬಳಲಿಕೆಯು ಅವನ ವೃತ್ತಾಂತವೇ ಹೊರತು ನಿಯಮದ ಉಲ್ಲಂಘನೆಯಲ್ಲ. ದಾನಶಾಸನವನ್ನೂ ಕಾವ್ಯವರ್ಣನೆಯನ್ನೂ ಒಂದೇ ಅಳತೆಗೋಲಿನಿಂದ ಅಳೆಯದ ನಾವು ಇಲ್ಲಿಯೂ ಅದೇ ವಿವೇಕವನ್ನು ತೋರಬೇಕು. ಮುಂದಿನ ಲೇಖಕರು ಯಾವುದಕ್ಕೆ ಬದ್ಧರೆಂಬುದನ್ನು ಪ್ರಕಾಶಕರು ನಿರ್ಣಯಿಸಬಲ್ಲರು. ಹಿಂದಿನ ಓದುಗರು ಏನನ್ನು ನಂಬಿದ್ದರೆಂಬುದು ಅವರ ಅಧಿಕಾರಕ್ಕೆ ಒಳಪಟ್ಟುದಲ್ಲ.