ಬಾಂಡ್ ಪೇಪರಿನ ಸೋಡಚೀಟಿ ಕೋರ್ಟಿನಾಗ ನಿಲ್ಲತೈತೇನು?

ಗುಡೂರು: "ಪಂಚರ ಮುಂದ ಕುಂತು ಬರಕೊಟ್ಟಾರ, ಇನ್ನೇನ ಉಳದೈತಿ?"

ಗಂಡ ಹೆಂಡತಿ ಬೇರೆಯಾದ ಸುದ್ದಿ ಬಂದಾಗೆಲ್ಲ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿಬರುವ ಮಾತಿದು. ಇಬ್ಬರ ಸಹಿ, ನಾಲ್ವರ ಸಾಕ್ಷಿ, ಒಂದು ಬಾಂಡ್ ಪೇಪರು. ಸಂಸಾರ ಮುಗೀತು! ಬರುವ ಬ್ಯಾಸಗಿಗೆ ಗಂಡ ಮತ್ತೊಂದು ಬಾಸಿಂಗಕ್ಕೆ ತಯಾರು.

ಆದರೆ ಕಾಯ್ದೆ ಹೇಳುವುದೇ ಬೇರೆ.

ಈ ಸೀಮೆಗೆ ವಿಚ್ಛೇದನದ ಕಾಯ್ದೆ ಹೊಸದಲ್ಲ. ವಿಜಾಪುರ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದಾಗಲೇ, 1947ರಲ್ಲಿ, ಅಲ್ಲಿಯ ಸರಕಾರ ಹಿಂದೂಗಳಿಗಾಗಿ ಇಂಥದೊಂದು ಕಾಯ್ದೆ ತಂದಿತ್ತು. 1955ರಲ್ಲಿ ಕೇಂದ್ರದ ಹಿಂದೂ ವಿವಾಹ ಕಾಯ್ದೆ ಬಂದು ಅದು ರದ್ದಾಯಿತು. ಇಂದು ನಮಗೂ ಅದೇ ಕಾಯ್ದೆ.

"ನಮ್ಮ ಮಂದ್ಯಾಗ ಸೋಡಚೀಟಿ ಪದ್ಧತಿ ಐತ್ರೀ" ಎನ್ನುವವರಿದ್ದಾರೆ. ಅಂಥ ರೂಢಿಗೆ ಕಾಯ್ದೆಯಲ್ಲಿ ಜಾಗ ಇದೆ, ಸುಳ್ಳಲ್ಲ. ಆದರೆ ರೂಢಿ ಉಂಟೆಂದು ಕೋರ್ಟಿನಲ್ಲಿ ಹೇಳಿ, ಸಾಕ್ಷಿ ಕೊಟ್ಟು ಸಿದ್ಧಮಾಡಬೇಕು. ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಇದನ್ನೇ ಹೇಳಿತು. ಬರೇ ಕಾಗದ ತೋರಿಸಿದರೆ ನಡೆಯದು.

ಬೇರೆ ಇದ್ದರೆ ಬಿಡುಗಡೆಯೇ?

ಅಲ್ಲ. ಕೋರ್ಟಿನಿಂದ 'ನ್ಯಾಯಿಕ ಬೇರ್ಪಡೆ'ಯ ಡಿಕ್ರಿ ಪಡೆದವರು ಒಂದೇ ಮನೆಯಲ್ಲಿ ಬಾಳಬೇಕಿಲ್ಲ. ಆದರೆ ಮದುವೆ ಹಾಗೇ ಇರುತ್ತದೆ, ಇನ್ನೊಂದು ಮದುವೆ ಆಗುವಂತಿಲ್ಲ. ಡಿಕ್ರಿಯಾಗಿ ವರ್ಷ ಕಳೆದರೂ ಕೂಡಿ ಬಾಳದಿದ್ದರೆ, ಇಬ್ಬರಲ್ಲಿ ಯಾರಾದರೂ ವಿಚ್ಛೇದನ ಕೇಳಬಹುದು.

ಇಬ್ಬರಿಗೂ ಒಪ್ಪಿಗೆ ಇದ್ದರೆ 1976ರ ತಿದ್ದುಪಡಿ ತೆರೆದ ದಾರಿ ಸರಳ. ಒಂದು ವರ್ಷ ಬೇರೆ ಇದ್ದು, ಕೂಡಿ ಅರ್ಜಿ ಹಾಕಬೇಕು. ಆರು ತಿಂಗಳ ನಂತರ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ತಕ್ಕ ಕಾರಣವಿದ್ದರೆ ಈ ಆರು ತಿಂಗಳನ್ನು ಕೋರ್ಟು ಬಿಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಬ್ಬರು ಒಲ್ಲೆ ಎಂದರೆ ಕ್ರೌರ್ಯ, ಎರಡು ವರ್ಷ ಬಿಟ್ಟುಹೋದದ್ದು, ಇಂಥ ಕಾರಣ ಸಿದ್ಧಮಾಡಬೇಕು.

ತವರಿಗೆ ಬಂದಾಕಿಗೆ

ಗಂಡನ ಊರಿಗೇ ಅಲೆಯಬೇಕೆಂಬ ಅಂಜಿಕೆ ಬೇಡ. 2003ರ ತಿದ್ದುಪಡಿಯಂತೆ ಹೆಂಡತಿ ತಾನಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ವಕೀಲರ ಫೀ ಕೊಡಲು ರೊಕ್ಕ ಇಲ್ಲವೇ? ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಸಮಿತಿಯಿಂದ ವಕೀಲರು ಪುಕ್ಕಟೆ. 15100ಕ್ಕೆ ಫೋನ್ ಮಾಡಿ ಕೇಳಬಹುದು. ಜೀವನಾಂಶದ ಅರ್ಜಿಗೆ ವಿಚ್ಛೇದನ ಆಗುವವರೆಗೆ ಕಾಯಬೇಕಾಗಿಯೂ ಇಲ್ಲ.

ಇತ್ತ, ಬಾಂಡ್ ಪೇಪರು ನಂಬಿ ಮತ್ತೊಂದು ತಾಳಿ ಕಟ್ಟಿದವನ ಗತಿ? ರೂಢಿ ಸಿದ್ಧವಾಗದಿದ್ದರೆ ಎರಡನೇ ಮದುವೆ ಮದುವೆಯೇ ಅಲ್ಲ. ಮೇಲೆ ಏಳು ವರ್ಷದವರೆಗೆ ಜೈಲು. ಏನೂ ತಪ್ಪು ಮಾಡದೆ ಅವನನ್ನು ನಂಬಿ ಬಂದ ಎರಡನೆಯಾಕಿ ನಡುನೀರಿನಲ್ಲಿ.

ಹಿರಿಯರು ಕೂತು ಬುದ್ಧಿ ಹೇಳಲಿ, ಕೂಡಿಸಲು ನೋಡಲಿ, ಅದು ಒಳ್ಳೆಯದೇ. ಕೂಡದಿದ್ದರೆ ಕೋರ್ಟಿನ ದಾರಿ ತೋರಿಸಲಿ. ಬಾಂಡ್ ಪೇಪರು ಕೈಗಡ ಸಾಲಕ್ಕೆ ಸಾಕಾದೀತು. ಸಂಸಾರ ಹರಿಯೋದಕ್ಕಲ್ಲ!